ಜೀವದ ಮೂಲವನ್ನು ಹನಿಯಲ್ಲಿ ಅರಸಿದ ಒಪಾರಿನ್

ಭೂಮಿಯ ಮೇಲೆ ಜೀವ ಉಗಮಿಸಿದ್ದು ಹೇಗೆ ಎಂಬ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ತಂದವರಲ್ಲಿ ರಷ್ಯಾದ ಜೀವರಸಾಯನ ವಿಜ್ಞಾನಿ ಅಲೆಕ್ಸಾಂಡರ್ ಒಪಾರಿನ್ ಪ್ರಮುಖರು. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಹಾಲ್ಡೇನ್ ಜತೆಗೆ ಈ ಹೆಸರೂ ಪರಿಚಿತ.

ವೋಲ್ಗಾ ತೀರದ ಉಗ್ಲಿಚ್ ಪಟ್ಟಣದಲ್ಲಿ 1894ರಲ್ಲಿ ಜನಿಸಿದ ಒಪಾರಿನ್, 1917ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಸರಳ ರಾಸಾಯನಿಕಗಳೇ ಹಂತಹಂತವಾಗಿ ಜೀವಕ್ಕೆ ದಾರಿ ಮಾಡಿಕೊಟ್ಟವು ಎಂದು 1924ರ ಕಿರುಹೊತ್ತಿಗೆಯಲ್ಲಿ ವಾದಿಸಿದರು. ಆದರೆ ಆದಿಸಾಗರದಲ್ಲಿ ಚದುರಿದ್ದ ಅಣುಗಳು ಒಂದೆಡೆ ಸೇರಿದ್ದು ಹೇಗೆ?

ಉತ್ತರದ ಸುಳಿವು ಹಾಲೆಂಡ್‌ನಿಂದ ಬಂದಿತು. ಡಚ್ ವಿಜ್ಞಾನಿ ಬುಂಗೆನ್‌ಬರ್ಗ್ ಡಿ ಯೋಂಗ್ ಅವರು ತುಸು ಆಮ್ಲೀಯವಾದ ನೀರಿನಲ್ಲಿ ಜೆಲಟಿನ್ ಹಾಗೂ ಅರೇಬಿಕ್ ಗೋಂದನ್ನು ಬೆರೆಸಿದ್ದರು. ಅಲ್ಲಿ ಜೆಲಟಿನ್‌ನದು ಧನ ವಿದ್ಯುದಾವೇಶ, ಗೋಂದಿನದು ಋಣ. ಈ ಉದ್ದನೆಯ ಅಣುಗಳು ಪರಸ್ಪರ ಹೆಣೆದುಕೊಂಡಾಗ, ಅವುಗಳಿಗೆ ಅಂಟಿದ್ದ ಪುಟ್ಟ ಅಯಾನುಗಳು ಬಿಡುಗಡೆಯಾಗುತ್ತವೆ. ನೀರಿನೊಳಗೇ ದಟ್ಟ ಹನಿಗಳು ಬೇರ್ಪಡುತ್ತವೆ. ಇವೇ ಕೊಯಾಸರ್ವೇಟ್‌ಗಳು.

ಜೀವಕೋಶದ ಪೂರ್ವಜ ಇಂತಹ ಹನಿಯೇ ಎಂದು ಒಪಾರಿನ್ 1936ರ ಗ್ರಂಥದಲ್ಲಿ ಪ್ರತಿಪಾದಿಸಿದರು. ಮುಂದೆ ಹನಿಗಳೊಳಗೆ ಕಿಣ್ವವನ್ನಿರಿಸಿ, ಅವು ಹೊರಗಿನ ಸಕ್ಕರೆಯ ಸಂಯುಕ್ತವನ್ನು ಹೀರಿ ಪಿಷ್ಟ ತಯಾರಿಸುವುದನ್ನೂ, ಬೆಳೆಯುವುದನ್ನೂ ತೋರಿಸಿದರು.

ಆದರೆ ಉಪ್ಪು ಈ ವಾದಕ್ಕೆ ತೊಡಕಾಯಿತು. ಉಪ್ಪಿನ ಅಯಾನುಗಳು ಆವೇಶಗಳನ್ನು ಮರೆಮಾಚುವುದರಿಂದ ಅಣುಗಳ ನಡುವಿನ ಸೆಳೆತ ತಗ್ಗುತ್ತದೆ. ಸುಮಾರು ಶೇ 3.5ರಷ್ಟು ಲವಣವಿರುವ ಇಂದಿನ ಕಡಲ ನೀರಿನಲ್ಲಿ ಜೆಲಟಿನ್-ಗೋಂದಿನ ಹನಿ ಉಳಿಯದು. ಹೆಚ್ಚು ಆವೇಶವುಳ್ಳ ಪಾಲಿಮರ್‌ಗಳ ಹನಿಗಳು ಮಾತ್ರ ತಾಳಿಕೊಳ್ಳಬಲ್ಲವು. ಮೇಲಾಗಿ ಈ ಹನಿಗಳಿಗೆ ಆನುವಂಶಿಕತೆಯೂ ಇರಲಿಲ್ಲ.

ಆನುವಂಶಿಕತೆಯ ವಿಷಯದಲ್ಲೇ ಒಪಾರಿನ್ ಬದುಕಿನ ಕಪ್ಪುಚುಕ್ಕೆಯೂ ಇದೆ. ತಳಿವಿಜ್ಞಾನವನ್ನು ಧಿಕ್ಕರಿಸಿದ ಲೈಸೆಂಕೊಗೆ ಸ್ಟಾಲಿನ್ ಕೃಪೆಯಿತ್ತು. ತಳಿವಿಜ್ಞಾನಿ ನಿಕೊಲಾಯ್ ವಾವಿಲೋವ್ 1943ರಲ್ಲಿ ಸೆರೆಮನೆಯಲ್ಲೇ ಅಸುನೀಗಿದ್ದರು. ಇಷ್ಟಾದರೂ ವಿಜ್ಞಾನ ಅಕಾಡೆಮಿಯ ಜೀವಶಾಸ್ತ್ರ ವಿಭಾಗದ ಹೊಣೆ ಹೊತ್ತಿದ್ದ ಒಪಾರಿನ್ ಲೈಸೆಂಕೊ ಪರ ನಿಂತರು. 1955ರಲ್ಲಿ ಸುಮಾರು 300 ವಿಜ್ಞಾನಿಗಳು ಪ್ರತಿಭಟನಾ ಪತ್ರಕ್ಕೆ ಸಹಿ ಹಾಕಿದ ಬಳಿಕ ಅವರು ಆ ಹುದ್ದೆ ತೊರೆಯಬೇಕಾಯಿತು.

ಸಂಶೋಧನೆ ಮಾತ್ರ ನಿಲ್ಲಲಿಲ್ಲ. 1957ರಲ್ಲಿ ಜೀವೋಗಮ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವನ್ನು ಅವರು ಮಾಸ್ಕೋದಲ್ಲಿ ಸಂಘಟಿಸಿದರು. 1980ರಲ್ಲಿ ನಿಧನರಾದರು.

ಅವರ ಹನಿಗಳು ಮತ್ತೆ ಚರ್ಚೆಗೆ ಬಂದದ್ದು ಮೂರು ದಶಕಗಳ ನಂತರ. ಜೀವಕೋಶದೊಳಗಿನ ಕೆಲವು ಕಣಗಳು ದ್ರವದ ಹನಿಗಳಂತೆ ವರ್ತಿಸುತ್ತವೆ ಎಂಬುದು 2009ರಲ್ಲಿ ಒಂದು ಪುಟ್ಟ ಹುಳುವಿನ ಅಧ್ಯಯನದಿಂದ ತಿಳಿಯಿತು. ಮೊದಲ ಜೀವಿ ಕೊಯಾಸರ್ವೇಟ್ ಆಗಿತ್ತೇ ಎಂಬುದು ಇತ್ಯರ್ಥವಾಗಿಲ್ಲ. ಆದರೆ ಪೊರೆಯಿಲ್ಲದ ಹನಿಯೂ ಜೀವದ ಕೆಲಸಕ್ಕೆ ನೆಲೆಯಾಗಬಲ್ಲದು ಎಂಬ ಅವರ ಊಹೆ ಹುಸಿಯಾಗಿಲ್ಲ.