ಹಲ್ಲು ಉಳಿಸಲು ಕಲಿಸಿದ ಶಸ್ತ್ರವೈದ್ಯ: ಅಬುಲ್ ಕಾಸಿಮ್ ಅಝ್ಝಹ್ರಾವಿ(ರಹ್)

ಮನೆಯಲ್ಲಿ ಯಾರಿಗಾದರೂ ಹಲ್ಲುನೋವು ಕಾಣಿಸಿಕೊಂಡರೆ ನಮ್ಮಲ್ಲಿ ಹೆಚ್ಚಿನವರು ಮೊದಲು ಲವಂಗ ಇಡುತ್ತಾರೆ. ನೋವು ನಿಲ್ಲದಿದ್ದರೆ ಮಾತ್ರೆ ನುಂಗುತ್ತಾರೆ. ಅದೂ ಸಾಲದಾದಾಗ ರಾತ್ರಿಯಿಡೀ ನಿದ್ದೆಗೆಟ್ಟು, ಬೆಳಗಾಗುತ್ತಲೇ ವೈದ್ಯರ ಬಳಿಗೆ ಓಡಿ, ಒಮ್ಮೆ ಕಿತ್ತುಬಿಡಿ ಎಂದು ಬೇಡಿಕೊಳ್ಳುತ್ತಾರೆ. ಹಲ್ಲು ಹೋಗುತ್ತದೆ, ನೋವೂ ಹೋಗುತ್ತದೆ. ಆದರೆ ಹೋದ ಹಲ್ಲು ಮರಳಿ ಬರುವುದಿಲ್ಲ.

ಸಾವಿರ ವರ್ಷಗಳ ಹಿಂದೆ ಇಂತಹದೇ ಬೇಡಿಕೆಯೊಂದಿಗೆ ಬಂದವರನ್ನು ತಡೆದು ನಿಲ್ಲಿಸಿದ ಒಬ್ಬ ಮುಸ್ಲಿಮ್ ವೈದ್ಯರಿದ್ದರು. ಕತ್ತರಿ, ಚಾಕು, ಇಕ್ಕಳಗಳನ್ನು ಹಿಡಿಯುವುದರಲ್ಲಿ ಅವರ ಕಾಲದಲ್ಲಿ ಅವರಿಗೆ ಸರಿಸಾಟಿಯಾದವರು ವಿರಳ. ಆದರೂ ಹಲ್ಲಿನ ವಿಷಯದಲ್ಲಿ ಇಕ್ಕಳಕ್ಕೆ ಅವರು ಕೊಟ್ಟದ್ದು ಕೊನೆಯ ಸ್ಥಾನ. ಅವರೇ ಅಬುಲ್ ಕಾಸಿಮ್ ಖಲಫ್ ಬಿನ್ ಅಬ್ಬಾಸ್ ಅಝ್ಝಹ್ರಾವಿ(ರಹ್).

ಝಹ್ರಾ ನಗರದ ಮಗ

ಇಂದಿನ ಸ್ಪೇನ್ ದೇಶದ ದಕ್ಷಿಣ ಭಾಗದಲ್ಲಿ ಕುರ್ತುಬಾ ನಗರವಿದೆ. ಯುರೋಪಿನವರು ಅದನ್ನು ಕೊರ್ದೋವ ಎನ್ನುತ್ತಾರೆ. ಖಲೀಫ ಮೂರನೆಯ ಅಬ್ದುರ್ರಹ್ಮಾನ್ ಕ್ರಿ.ಶ. 936ರ ಸುಮಾರಿಗೆ ಆ ನಗರದ ಪಶ್ಚಿಮಕ್ಕೆ, ಬೆಟ್ಟದ ಬುಡದಲ್ಲಿ, ಮದೀನತುಝ್ಝಹ್ರಾ ಎಂಬ ಹೊಸ ರಾಜಧಾನಿಯನ್ನು ಕಟ್ಟಿಸಲು ತೊಡಗಿದರು. ಝಹ್ರಾವಿಯವರು ಹುಟ್ಟಿದ್ದು ಹೆಚ್ಚುಕಡಿಮೆ ಅದೇ ಸಮಯದಲ್ಲಿ. ಊರಿನ ಹೆಸರೇ ಅವರ ಹೆಸರಾಯಿತು. ಅವರ ಹೆಸರಿನೊಂದಿಗೆ ಸೇರಿರುವ ಅನ್ಸಾರಿ ಎಂಬ ಪದವು, ಪ್ರವಾದಿವರ್ಯರಿಗೆ(ಸ) ಆಸರೆ ನೀಡಿದ ಮದೀನದ ಅನ್ಸಾರ್‌ಗಳೊಂದಿಗಿನ ವಂಶ ಸಂಬಂಧವನ್ನು ಸೂಚಿಸುತ್ತದೆ.

ಅದು ಸ್ಪೇನಿನ ಮುಸ್ಲಿಮರ ಏಳಿಗೆಯ ಕಾಲ. ಕ್ರಿ.ಶ. 961ರಲ್ಲಿ ಅಧಿಕಾರಕ್ಕೆ ಬಂದ ಎರಡನೆಯ ಹಕಮ್ ಗ್ರಂಥಗಳ ಬಗ್ಗೆ ಅಪಾರ ಒಲವಿದ್ದ ದೊರೆ. ದೂರದೂರದ ಊರುಗಳಿಂದ ಅರಬಿ ಗ್ರಂಥಗಳನ್ನು ತರಿಸಿ ಅವರು ಕುರ್ತುಬಾದಲ್ಲಿ ದೊಡ್ಡ ಗ್ರಂಥಾಲಯವನ್ನು ಬೆಳೆಸಿದರು. ಇಂತಹ ವಾತಾವರಣದಲ್ಲಿ ಝಹ್ರಾವಿಯವರು ಬೆಳೆದರು.

ಅವರ ಮನೆ, ಮಡದಿ, ಮಕ್ಕಳ ಕುರಿತು ಚರಿತ್ರೆಕಾರರು ಬರೆದದ್ದು ಅತ್ಯಲ್ಪ. ಅವರ ಬದುಕನ್ನು ನಾವು ಅವರ ಗ್ರಂಥದ ಪುಟಗಳಲ್ಲೇ ಓದಬೇಕಾಗುತ್ತದೆ. ಒಬ್ಬ ಮನುಷ್ಯನ ಮನಸ್ಸು ತಿಳಿಯಲು ಅದು ಸಾಲದ ಸಾಕ್ಷ್ಯವೇನಲ್ಲ.

ಮೂವತ್ತು ಭಾಗಗಳ ಗ್ರಂಥ

ಆ ಗ್ರಂಥದ ಹೆಸರು ಅತ್ತಸ್ರೀಫ್. ಕ್ರಿ.ಶ. 1000ದ ಸುಮಾರಿಗೆ ಪೂರ್ಣಗೊಂಡ ಇದರಲ್ಲಿ ಮೂವತ್ತು ಭಾಗಗಳಿವೆ. ರೋಗಗಳು, ಔಷಧಗಳು, ಆಹಾರ ಪಥ್ಯ ಎಲ್ಲವೂ ಅದರಲ್ಲಿ ಬರುತ್ತವೆ. ಮೂವತ್ತನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಸುಮಾರು ಇನ್ನೂರು ಉಪಕರಣಗಳ ಚಿತ್ರಗಳನ್ನು ಅವರು ಅದರಲ್ಲಿ ಬಿಡಿಸಿ ತೋರಿಸಿದ್ದಾರೆ. ಓದಿದವನು ಕಮ್ಮಾರನ ಬಳಿಗೆ ಹೋಗಿ ಅಂತಹದೇ ಉಪಕರಣವನ್ನು ಮಾಡಿಸಿಕೊಳ್ಳಬಹುದಿತ್ತು.

ತನ್ನ ಶಿಷ್ಯರನ್ನು ಅವರು ಮಕ್ಕಳೇ ಎಂದೇ ಸಂಬೋಧಿಸುತ್ತಾರೆ. ಆ ಮಕ್ಕಳಿಗೆ ಅವರು ಹೇಳಿದ ಮೊದಲ ಪಾಠ ಎಚ್ಚರಿಕೆಯದ್ದು. ಶರೀರದ ರಚನೆಯನ್ನು ತಿಳಿಯದೆ ಕತ್ತಿ ಹಿಡಿದವನು ಜೀವ ತೆಗೆಯುತ್ತಾನೆ ಎಂದು ಅವರು ಮೊದಲೇ ಸಾರುತ್ತಾರೆ. ತಾನು ಕಂಡದ್ದನ್ನು ಉದಾಹರಣೆಯಾಗಿ ಕೊಡುತ್ತಾರೆ. ಒಬ್ಬ ಅರಿವಿಲ್ಲದ ವೈದ್ಯ ಒಬ್ಬಾಕೆಯ ಕುತ್ತಿಗೆಯ ಬಾವನ್ನು ಕೊಯ್ಯಲು ಹೋಗಿ ರಕ್ತನಾಳವನ್ನೇ ಕತ್ತರಿಸಿದ. ರಕ್ತ ನಿಲ್ಲದೆ ಆಕೆ ಅವನ ಮುಂದೆಯೇ ಪ್ರಾಣಬಿಟ್ಟಳು. ಹಣದಾಸೆಗೆ ಬಿದ್ದು ಅಪಾಯದ ಚಿಕಿತ್ಸೆಗೆ ಕೈಹಾಕಬೇಡಿ, ಅಲ್ಲಾಹನನ್ನು ಭಯಪಡಿ ಎಂಬುದು ಅವರ ಉಪದೇಶದ ಸಾರ.

ಈ ದೇವಭಯ ಮತ್ತು ಈ ಸಂಯಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅವರು ಹಲ್ಲಿನ ಬಗ್ಗೆ ಬರೆದ ಪುಟಗಳಲ್ಲಿ.

ಕಿಟ್ಟ ತೆಗೆಯುವ ಉಪಕರಣಗಳು

ಹಲ್ಲಿನ ಒಳಮೈ, ಹೊರಮೈ ಮತ್ತು ವಸಡಿನ ಸಂದುಗಳಲ್ಲಿ ಒರಟಾದ, ಅಸಹ್ಯವಾದ ಕಿಟ್ಟ ಕೂರುತ್ತದೆ, ಅದು ಕೆಲವೊಮ್ಮೆ ಕಪ್ಪು, ಕೆಲವೊಮ್ಮೆ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗುತ್ತದೆ, ಅದರಿಂದ ವಸಡೂ ಕೆಡುತ್ತದೆ ಎಂದು ಝಹ್ರಾವಿಯವರು ವಿವರಿಸುತ್ತಾರೆ. ಇಂದಿನ ದಂತವೈದ್ಯರು ಟಾರ್ಟರ್ ಎನ್ನುವುದು ಇದನ್ನೇ. ವಸಡು ಕೆಡಲು ಈ ಕಿಟ್ಟ ಕಾರಣವೆಂದು ಅವರು ಗುರುತಿಸಿದ್ದು ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ, ಬರಿಗಣ್ಣಿನಿಂದ.

ಅದಕ್ಕೆ ಅವರು ಹೇಳಿದ ಚಿಕಿತ್ಸೆಯೂ ಇಂದಿನದ್ದೇ. ರೋಗಿಯನ್ನು ಮುಂದೆ ಕೂರಿಸಿ, ಆತನ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಕಿಟ್ಟವೆಲ್ಲ ಹೋಗುವವರೆಗೆ ಹಲ್ಲನ್ನು ಕೆರೆಯಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ, ಅದರ ಮರುದಿನ ಪುನಃ ಕೆರೆಯಬೇಕು. ಇದಕ್ಕಾಗಿ ಅವರು ಹದಿನಾಲ್ಕು ಬಗೆಯ ಕೆರೆಯುವ ಉಪಕರಣಗಳ ಚಿತ್ರ ಕೊಟ್ಟಿದ್ದಾರೆ. ಇಷ್ಟೇಕೆ ಬೇಕು? ಹಲ್ಲಿನ ಒಳಗಡೆಗೆ ಒಂದು, ಹೊರಗಡೆಗೆ ಇನ್ನೊಂದು, ಎರಡು ಹಲ್ಲುಗಳ ನಡುವಿಗೆ ಮತ್ತೊಂದು ಆಕಾರದ್ದು ಬೇಕಾಗುತ್ತದೆ ಎಂಬುದೇ ಅವರ ಉತ್ತರ.

ನಾವಾದರೋ ಕನ್ನಡಿಯಲ್ಲಿ ಕಾಣುವ ಹಲ್ಲುಗಳನ್ನು ಮಾತ್ರ ಉಜ್ಜುತ್ತೇವೆ. ಒಳಗಿನ ಸಾಲು ಯಾರಿಗೂ ಕಾಣುವುದಿಲ್ಲ, ಆದ್ದರಿಂದ ಅಲ್ಲಿಗೆ ಕೈ ಹೋಗುವುದಿಲ್ಲ. ಕೊಳೆ ಬೇರೂರುವುದು ಅಲ್ಲಿಯೇ. ಹೊರಗನ್ನು ಶುಚಿಗೊಳಿಸಿ ಒಳಗನ್ನು ಮರೆಯುವ ಈ ರೋಗ ಬಾಯಿಗೆ ಮಾತ್ರ ಸೀಮಿತವಲ್ಲ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೀಳಲು ಅವಸರ ಬೇಡ

ಹಲ್ಲು ನೋಯುತ್ತಿದ್ದರೆ ಸಾಧ್ಯವಿರುವ ಎಲ್ಲ ಚಿಕಿತ್ಸೆಗಳನ್ನೂ ಮಾಡಿ ನೋಡಬೇಕು, ಕೀಳುವುದನ್ನು ಆದಷ್ಟು ಮುಂದೂಡಬೇಕು ಎನ್ನುತ್ತಾರೆ ಝಹ್ರಾವಿಯವರು. ಹಲ್ಲು ಶ್ರೇಷ್ಠವಾದ ಅಂಗ, ಹೋದರೆ ಅದಕ್ಕೆ ಬದಲಿಯಿಲ್ಲ ಎಂಬುದು ಅವರು ಕೊಡುವ ಕಾರಣ.

ಬೇರೆ ದಾರಿಯೇ ಇಲ್ಲವೆಂದಾದಾಗಲೂ ಯಾವ ಹಲ್ಲು ಕೆಟ್ಟಿದೆಯೆಂದು ಮೊದಲು ಖಚಿತ ಮಾಡಿಕೊಳ್ಳಬೇಕು. ನೋವು ಅನೇಕ ಬಾರಿ ರೋಗಿಯನ್ನೇ ಮೋಸಗೊಳಿಸುತ್ತದೆ. ಆತ ಗಟ್ಟಿಯಾಗಿರುವ ಹಲ್ಲನ್ನು ತೋರಿಸುತ್ತಾನೆ, ಕ್ಷೌರಿಕ ಅದನ್ನೇ ಕೀಳುತ್ತಾನೆ, ನೋವು ಮಾತ್ರ ಹಾಗೆಯೇ ಉಳಿಯುತ್ತದೆ. ಆ ಕಾಲದಲ್ಲಿ ಹಲ್ಲು ಕೀಳುವುದು ಕ್ಷೌರಿಕರ ಕೆಲಸವೂ ಆಗಿತ್ತು. ಅವರಲ್ಲಿ ಅರಿವಿಲ್ಲದವರು ಅವಸರದಿಂದ ಎಳೆದು, ಬೇರು ಒಳಗೇ ಮುರಿದು ಉಳಿಯುವಂತೆ, ಕೆಲವೊಮ್ಮೆ ದವಡೆಯ ಮೂಳೆಯೇ ಮುರಿಯುವಂತೆ ಮಾಡುತ್ತಿದ್ದುದನ್ನು ಝಹ್ರಾವಿಯವರು ನೋವಿನಿಂದ ದಾಖಲಿಸಿದ್ದಾರೆ.

ತಾನು ಕೀಳುವ ಕ್ರಮವನ್ನು ಅವರು ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತಾರೆ. ಸುತ್ತಲಿನ ವಸಡನ್ನು ಬಿಡಿಸಿ, ಹಲ್ಲನ್ನು ಸ್ವಲ್ಪಸ್ವಲ್ಪವಾಗಿ ಸಡಿಲಗೊಳಿಸಿ, ಆಮೇಲೆ ಇಕ್ಕಳದಿಂದ ನೇರವಾಗಿ ಎಳೆಯಬೇಕು. ಹಲ್ಲು ಟೊಳ್ಳಾಗಿದ್ದರೆ ಇಕ್ಕಳದ ಹಿಡಿತಕ್ಕೆ ಪುಡಿಯಾಗದಂತೆ ಮೊದಲು ಆ ಟೊಳ್ಳಿಗೆ ಬಟ್ಟೆ ತುರುಕಬೇಕು.

ಚಿನ್ನದ ತಂತಿ

ಅಲುಗಾಡುವ ಹಲ್ಲುಗಳನ್ನೂ ಅವರು ಕೂಡಲೇ ಕೀಳುತ್ತಿರಲಿಲ್ಲ. ತೆಳುವಾದ ತಂತಿಯಿಂದ ಅವುಗಳನ್ನು ಪಕ್ಕದ ಗಟ್ಟಿ ಹಲ್ಲುಗಳೊಂದಿಗೆ ಹೆಣೆದು ಬಿಗಿಯುವ ವಿಧಾನವನ್ನು ಅವರು ಚಿತ್ರಸಹಿತ ವಿವರಿಸಿದ್ದಾರೆ. ನಾಲಿಗೆಗೆ ಚುಚ್ಚದಂತೆ ಗಂಟನ್ನು ಮರೆಮಾಡಬೇಕೆಂಬ ಕಾಳಜಿಯೂ ಅದರಲ್ಲಿದೆ. ಬಿದ್ದ ಹಲ್ಲನ್ನೇ ಮರಳಿ ಅದರ ಜಾಗದಲ್ಲಿಟ್ಟು ಹೀಗೆ ಕಟ್ಟಬಹುದು, ಇಲ್ಲವೇ ಎತ್ತಿನ ಮೂಳೆಯಿಂದ ಹಲ್ಲನ್ನು ಕೆತ್ತಿ ಕೂರಿಸಬಹುದು ಎಂದೂ ಅವರು ಹೇಳುತ್ತಾರೆ. ತಂತಿ ಬೆಳ್ಳಿಯದ್ದಾದರೆ ಕೆಲವೇ ದಿನಗಳಲ್ಲಿ ಕೆಡುತ್ತದೆ, ಚಿನ್ನ ಕೆಡುವುದಿಲ್ಲ. ಆದ್ದರಿಂದ ಚಿನ್ನವೇ ಉತ್ತಮವೆಂಬುದು ಅವರ ಅಭಿಪ್ರಾಯ.

ಇದನ್ನು ಓದುವಾಗ ಹದೀಸ್ ಬಲ್ಲವರಿಗೆ ಸಹಾಬಿ ಅರ್ಫಜಾ ಬಿನ್ ಅಸ್ಅದ್(ರ) ನೆನಪಾಗದಿರರು. ಯುದ್ಧವೊಂದರಲ್ಲಿ ಮೂಗು ಕಳೆದುಕೊಂಡಿದ್ದ ಅವರು ಬೆಳ್ಳಿಯ ಮೂಗು ಹಾಕಿಸಿಕೊಂಡಿದ್ದರು. ಅದು ವಾಸನೆ ಬರತೊಡಗಿತು. ಆಗ ಚಿನ್ನದ ಮೂಗು ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಅವರಿಗೆ ಆದೇಶಿಸಿದರು. ಪುರುಷರಿಗೆ ಚಿನ್ನದ ಆಭರಣ ನಿಷಿದ್ಧವಾಗಿದ್ದರೂ, ಅಗತ್ಯ ಬಿದ್ದಾಗ ಹಲ್ಲಿಗೆ ಚಿನ್ನ ಬಳಸಬಹುದೆಂದು ಅನೇಕ ಕರ್ಮಶಾಸ್ತ್ರ ಪಂಡಿತರು ಹೇಳಿರುವುದು ಈ ಘಟನೆಯ ಆಧಾರದಿಂದಲೇ. ಅಂಗವನ್ನು ಉಳಿಸಿಕೊಳ್ಳುವುದಕ್ಕೆ ನಮ್ಮ ಧರ್ಮ ಎಷ್ಟು ಬೆಲೆ ಕೊಟ್ಟಿದೆಯೆಂದು ಇದರಿಂದ ತಿಳಿಯಬಹುದು.

ನಗರ ಅಳಿಯಿತು, ಗ್ರಂಥ ಉಳಿಯಿತು

ಝಹ್ರಾವಿಯವರ ಮುಪ್ಪಿನ ದಿನಗಳಲ್ಲಿ ಸ್ಪೇನಿನ ಮುಸ್ಲಿಮರು ಪರಸ್ಪರ ಕಾದಾಟಕ್ಕಿಳಿದರು. ಕ್ರಿ.ಶ. 1010ರಲ್ಲಿ ಮದೀನತುಝ್ಝಹ್ರಾ ಸೂರೆಯಾಯಿತು. ಕಟ್ಟಲು ತೊಡಗಿ ಮುಕ್ಕಾಲು ಶತಮಾನವಷ್ಟೇ ಆಗಿತ್ತು. ಅದಾಗಿ ಸುಮಾರು ಮೂರು ವರ್ಷಗಳಲ್ಲಿ, ಕ್ರಿ.ಶ. 1013ರ ಆಸುಪಾಸಿನಲ್ಲಿ, ಝಹ್ರಾವಿಯವರೂ ಇಹಲೋಕವನ್ನು ತ್ಯಜಿಸಿದರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮಣ್ಣಲ್ಲಿ ಹೂತುಹೋದ ಆ ನಗರದ ಉತ್ಖನನ ಆರಂಭವಾದದ್ದು 1911ರಲ್ಲಿ. 2018ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಅಮೃತಶಿಲೆಯ ಅರಮನೆ ಉಳಿಯಲಿಲ್ಲ, ಕಾಗದದ ಗ್ರಂಥ ಉಳಿಯಿತು. 12ನೇ ಶತಮಾನದಲ್ಲಿ ಕ್ರೆಮೋನದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸೆಯ ಭಾಗವನ್ನು ತೊಲೆದೋ ನಗರದಲ್ಲಿ ಲ್ಯಾಟಿನ್ ಭಾಷೆಗೆ ಅನುವಾದಿಸಿದರು. 14ನೇ ಶತಮಾನದ ಫ್ರಾನ್ಸಿನ ಪ್ರಸಿದ್ಧ ಶಸ್ತ್ರವೈದ್ಯ ಗಿ ದ ಶೋಲಿಯಾಕ್ ತಮ್ಮ ಗ್ರಂಥದಲ್ಲಿ ಮತ್ತೆ ಮತ್ತೆ ಝಹ್ರಾವಿಯವರನ್ನು ಆಧಾರವಾಗಿ ತೆಗೆದುಕೊಂಡರು. 1497ರಲ್ಲಿ ಅದು ವೆನಿಸ್‌ನಲ್ಲಿ ಮುದ್ರಣವಾಯಿತು. ನಮ್ಮ ದೇಶದ ಲಕ್ನೋದಲ್ಲೂ 1908ರಲ್ಲಿ ಅದರ ಅರಬಿ ಪಾಠ ಅಚ್ಚಾಗಿದೆ. ಪ್ರಯೋಜನಕಾರಿ ಜ್ಞಾನದ ಪ್ರತಿಫಲ ಮರಣಾನಂತರವೂ ನಿಲ್ಲುವುದಿಲ್ಲ ಎಂಬ ಪ್ರವಾದಿ ವಚನದ ಅರ್ಥ ಇಂತಹವರ ಬದುಕಿನಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ಮನೆಗೆ ಇದರಿಂದೇನು?

ಪ್ರವಾದಿವರ್ಯರು(ಸ) ನಿದ್ದೆಯಿಂದ ಎದ್ದಾಗ ಮಿಸ್ವಾಕ್ ಮಾಡುತ್ತಿದ್ದರು. ಮನೆಗೆ ಪ್ರವೇಶಿಸಿದಾಗ ಮೊದಲು ಮಾಡುತ್ತಿದ್ದುದೂ ಅದನ್ನೇ. ಸಮುದಾಯಕ್ಕೆ ಕಷ್ಟವಾದೀತೆಂಬ ಕನಿಕರ ಇಲ್ಲದಿರುತ್ತಿದ್ದರೆ ಪ್ರತಿ ನಮಾಝಿಗೂ ಅದನ್ನು ಆಜ್ಞಾಪಿಸುತ್ತಿದ್ದೆನೆಂದು ಅವರು ತಿಳಿಸಿದ್ದಾರೆ. ಮರಣಶಯ್ಯೆಯಲ್ಲೂ ಅವರು ಮಿಸ್ವಾಕನ್ನು ಬಯಸಿದರು. ಹಝ್ರತ್ ಆಯಿಶಾ(ರ) ಅದನ್ನು ಜಗಿದು ಮೃದುಗೊಳಿಸಿ ಕೊಟ್ಟರು. ನೋವು ಬರುವ ಮುಂಚೆಯೇ ಬಾಯಿಯನ್ನು ಕಾಪಾಡುವ ಕ್ರಮವಿದು. ಇದನ್ನು ಬಿಟ್ಟ ಮೇಲೆ ಬೇಕಾಗುವುದೇ ಝಹ್ರಾವಿಯವರ ಉಪಕರಣಗಳು.

ಈ ಹದೀಸ್‌ಗಳು ನಮಗೆ ಬಾಯಿಪಾಠ. ಆದರೆ ಮದ್ರಸದಲ್ಲಿ ಮಿಸ್ವಾಕಿನ ಹದೀಸನ್ನು ತಪ್ಪಿಲ್ಲದೆ ಒಪ್ಪಿಸಿದ ಮಗುವಿನ ಬಾಯಲ್ಲೇ ನಾಲ್ಕು ಹಲ್ಲು ಹುಳುಕಾಗಿರುವುದನ್ನು ಕಂಡು, ಪಾಠ ಹೇಳಿಕೊಟ್ಟ ನನಗೇ ನಾಚಿಕೆಯಾದದ್ದುಂಟು. ಹಾಲುಹಲ್ಲು ಹೇಗೂ ಬೀಳುವುದಲ್ಲವೇ ಎಂದು ಹೆತ್ತವರು ಸಮಾಧಾನ ಹೇಳುತ್ತಾರೆ. ಆದರೆ ಹಾಲುಹಲ್ಲು ಅವಧಿಗೆ ಮುನ್ನ ಹೋದರೆ ಅದರ ಜಾಗಕ್ಕೆ ಬರುವ ಶಾಶ್ವತ ಹಲ್ಲು ಸೊಟ್ಟಗಾಗಬಹುದು. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟೇ ಮಗುವನ್ನು ಮಲಗಿಸುವುದು, ಅತ್ತಾಗಲೆಲ್ಲ ಚಾಕಲೇಟು ಕೊಡುವುದು ಪ್ರೀತಿಯೆಂದು ತಾಯಂದಿರು ತಿಳಿಯಬಾರದು. ಬಾಯಲ್ಲಿರುವ ರೋಗಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ, ಆ ಆಮ್ಲವೇ ಹಲ್ಲನ್ನು ಕೊರೆಯುತ್ತದೆ.

ಬೆಳಗ್ಗೆ ಒಮ್ಮೆ ಮತ್ತು ರಾತ್ರಿ ಮಲಗುವ ಮುಂಚೆ ಒಮ್ಮೆ, ಫ್ಲೋರೈಡ್ ಇರುವ ಪೇಸ್ಟಿನಿಂದ ಎರಡು ನಿಮಿಷ ಹಲ್ಲುಜ್ಜುವುದನ್ನು ಮನೆಯ ನಿಯಮವಾಗಿಸಬೇಕು. ವುಝೂವಿನ ವೇಳೆಯ ಮಿಸ್ವಾಕ್ ಇದರ ಜೊತೆಗಿರಲಿ. ಚಿಕ್ಕ ಮಕ್ಕಳಿಗೆ ಹೆತ್ತವರೇ ಉಜ್ಜಿಕೊಡಬೇಕು. ಉಜ್ಜುವಾಗ ವಸಡಿನಲ್ಲಿ ರಕ್ತ ಬಂದರೆ ಅದು ವಸಡಿನ ರೋಗದ ಸೂಚನೆಯಾಗಿರಬಹುದು, ಅಲಕ್ಷಿಸಬಾರದು. ಸಕ್ಕರೆ ಕಾಯಿಲೆಯವರು ಇನ್ನೂ ಜಾಗರೂಕರಾಗಿರಬೇಕು. ಆ ಕಾಯಿಲೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಆ ಕಾಯಿಲೆಯ ಹತೋಟಿಯನ್ನು ತಪ್ಪಿಸುತ್ತದೆ. ಮದುವೆ ಮನೆಗಳಲ್ಲಿ ತಟ್ಟೆಯಲ್ಲಿಟ್ಟು ಹಂಚುವ ಅಡಿಕೆಯ ಬಗ್ಗೆಯೂ ಒಂದು ಮಾತು. ತಂಬಾಕಿಲ್ಲದಿದ್ದರೂ ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತದೆಂಬ ಭಯ ನಮ್ಮ ಅನೇಕ ಮನೆಗಳಲ್ಲಿದೆ. ಹಲ್ಲನ್ನು ಸಡಿಲಗೊಳಿಸುವುದು ವಸಡಿನ ಒಳಗಿಳಿದ ಕಿಟ್ಟವೇ ಹೊರತು ಅದನ್ನು ತೆಗೆಯುವ ವೈದ್ಯನಲ್ಲ. ಕಿಟ್ಟ ಹೋದಾಗ ಮೊದಲೇ ಆಗಿದ್ದ ಹಾನಿ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಸಾವಿರ ವರ್ಷಗಳ ಹಿಂದೆ ರೋಗಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹಲ್ಲು ಕೆರೆದ ಆ ಮಹಾನುಭಾವರು ಮಾಡಿದ್ದೂ ಇದೇ ಕೆಲಸವನ್ನು. ನೋವಿಲ್ಲದಿರುವಾಗಲೂ ವರ್ಷಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ದಂತವೈದ್ಯರಿಗೆ ಬಾಯಿ ತೋರಿಸಿ ಬರುವುದು ಒಳ್ಳೆಯದು.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಡಲೆ ಕೊಡುವವನು ಅಲ್ಲಾಹನು. ಹಲ್ಲನ್ನು ಕೊಟ್ಟವನೂ ಅವನೇ. ಆದರೆ ಅದನ್ನು ಕಾಪಾಡುವ ಹೊಣೆಯನ್ನು ಅಮಾನತಾಗಿ ನಮ್ಮ ಕೈಯಲ್ಲಿಟ್ಟಿದ್ದಾನೆ. ಅನುಗ್ರಹಗಳ ಬಗ್ಗೆ ಪ್ರಶ್ನಿಸಲ್ಪಡುವ ದಿನ ಇದರ ಲೆಕ್ಕವೂ ಇದೆ. ಆ ಅಮಾನತನ್ನು ಜೋಪಾನ ಮಾಡುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ, ಇಮಾಮ್ ಝಹ್ರಾವಿಯವರ ದರ್ಜೆಯನ್ನು ಉನ್ನತಗೊಳಿಸಲಿ. ಆಮೀನ್.