ನೇಗಿಲು ಎರಕ ಹೊಯ್ದವರು

ಕಬ್ಬಿಣದ ನೇಗಿಲು ತಾಗಿದರೆ ಹೊಲವೇ ವಿಷವಾಗುವುದೆಂದು ನಮ್ಮ ರೈತರು ಹೆದರುತ್ತಿದ್ದ ಕಾಲವೊಂದಿತ್ತು. ಆ ಭಯವನ್ನು ಎದುರಿಸಿ ಒಂದು ಉದ್ಯಮವನ್ನು ಕಟ್ಟಿದವರು ಲಕ್ಷ್ಮಣರಾವ್ ಕಿರ್ಲೋಸ್ಕರರು. ಅವರ ಬಾಳನ್ನು ನೆನೆದಾಗಲೆಲ್ಲ, ಕಬ್ಬಿಣವನ್ನು ಕರಗಿಸುವುದಕ್ಕಿಂತ ಮನುಷ್ಯನ ಸಂಶಯವನ್ನು ಕರಗಿಸುವುದು ಕಷ್ಟವೆಂದು ನನಗೆ ತೋರುತ್ತದೆ.

ಅವರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗುವ ಹಂಬಲದಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಆದರೆ ಕಣ್ಣಿಗೆ ಬಣ್ಣಗಳ ಭೇದ ಸರಿಯಾಗಿ ತಿಳಿಯದೆಂಬುದು ಅಲ್ಲಿ ಹೊರಬಿತ್ತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೇನಿದ್ದೀತು? ವರ್ಣ ಕೈಬಿಟ್ಟರೂ ರೇಖೆ ಅವರ ಕೈಬಿಡಲಿಲ್ಲ. ಯಂತ್ರಗಳ ರೇಖಾಚಿತ್ರವನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸತೊಡಗಿದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಇನ್ನೊಬ್ಬರ ಪಾಲಾದಾಗ ಆ ಕೆಲಸವನ್ನೂ ತೊರೆದರು.

ಬೆಳಗಾವಿಯಲ್ಲಿ 1888ರಲ್ಲಿ ಆರಂಭವಾದ ಸೈಕಲ್ ಅಂಗಡಿಯೇ ಈ ಕುಟುಂಬದ ಉದ್ಯಮಕ್ಕೆ ಮೂಲ. ಅಣ್ಣ ರಾಮಚಂದ್ರರಾಯರು ಅದರಲ್ಲಿ ಜೊತೆಗಾರರು. ಅಂಗಡಿ ಕಾರ್ಯಾಗಾರವಾಯಿತು, ಮೇವು ಕತ್ತರಿಸುವ ಯಂತ್ರ ಬಂತು, ಬಳಿಕ ಕಬ್ಬಿಣದ ನೇಗಿಲು. ಮರದ ನೇಗಿಲು ನೆಲವನ್ನು ಗೀರುತ್ತಿತ್ತು. ಇದು ಆಳಕ್ಕಿಳಿದು ಮಣ್ಣನ್ನು ಮಗುಚಿ ಹಾಕುತ್ತಿತ್ತು. ಆದರೂ ಕೊಳ್ಳುವವರು ಮುಂದೆ ಬರಲಿಲ್ಲ. ರೈತನನ್ನು ಮೂಢನೆಂದು ಹಳಿಯುವುದು ಸುಲಭ. ಆದರೆ ಒಂದು ಬೆಳೆ ಕೆಟ್ಟರೆ ಅವನ ಮನೆಯ ಒಂದು ವರ್ಷದ ಅನ್ನವೇ ಹೋಗುವುದು. ಅವನ ಅಂಜಿಕೆಯ ಹಿಂದೆ ಆ ಲೆಕ್ಕವಿತ್ತು. ಅದಕ್ಕೆ ಉತ್ತರವನ್ನು ಹೊಲವೇ ಹೇಳಬೇಕಾಗಿತ್ತು, ಹಾಗೆಯೇ ಆಯಿತು. ನಿಧಾನವಾಗಿ ನೇಗಿಲು ಊರಿಂದೂರಿಗೆ ಹಬ್ಬಿತು.

ಅಷ್ಟರಲ್ಲಿ ಪುರಸಭೆಯ ಆದೇಶದಿಂದ ಬೆಳಗಾವಿಯ ಜಾಗವನ್ನು ಬಿಡಬೇಕಾಯಿತು. ನೆಲೆ ತಪ್ಪಿದವರಿಗೆ ಆಸರೆಯಿತ್ತವರು ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ ದೊರೆತ ಭೂಮಿಯಲ್ಲಿ ಕಳ್ಳಿ ಬೆಳೆದಿತ್ತು, ಹಾವುಗಳು ಹರಿದಾಡುತ್ತಿದ್ದವು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆಯಿರಲಿಲ್ಲ. ಸೆರೆಮನೆ ಕಂಡು ಬಂದವರಿಗೂ ಅಲ್ಲಿ ರಾತ್ರಿಯ ಕಾವಲಿನ ಕೆಲಸ ಸಿಕ್ಕಿತು. ರೈತರ ನಂಬಿಕೆಗಾಗಿ ಕಾದಿದ್ದವರು, ಲೋಕವು ನಂಬದವರನ್ನು ತಾವು ನಂಬಿದರು. ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣ ದುರ್ಲಭವಾಯಿತು. ಆಗ ಕೊಲ್ಲಾಪುರದ ಶಾಹು ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಟ್ಟರು. ಅವು ಕುಲುಮೆಯಲ್ಲಿ ಕರಗಿ ನೇಗಿಲುಗಳಾದವು. ಲೋಕವೆಲ್ಲ ಕಬ್ಬಿಣವನ್ನು ಫಿರಂಗಿಯಾಗಿಸುತ್ತಿದ್ದ ಕಾಲದಲ್ಲಿ, ಇಲ್ಲೊಂದು ಎರಕದ ಮನೆ ಫಿರಂಗಿಯನ್ನು ಉಳುವ ಸಾಧನವಾಗಿಸುತ್ತಿತ್ತು.

ಮುಂದೆ ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಕಲಿತು ಬಂದು ಉದ್ಯಮವನ್ನು ಬೆಳೆಸಿದರು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಯಿತು. ಲೋಹವನ್ನು ಕಡೆದು ರೂಪಿಸುವ ಲೇಥುಗಳು, ಎಂದರೆ ಯಂತ್ರಗಳನ್ನೇ ಹಡೆಯುವ ಯಂತ್ರಗಳು, ಕನ್ನಡ ನೆಲದಲ್ಲಿ ತಯಾರಾದವು. ಲಕ್ಷ್ಮಣರಾಯರು 1956ರಲ್ಲಿ ತೀರಿಕೊಂಡರು.

ಹರಿಹರದ ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಕಾರ್ಖಾನೆಗಳಿಗೂ ಆಯುಷ್ಯವುಂಟು. ಬೆಳಗಾವಿಯಲ್ಲಿ ಒಂದು ರಸ್ತೆ ಇಂದಿಗೂ ಕಿರ್ಲೋಸ್ಕರರ ಹೆಸರನ್ನು ಹೊತ್ತಿದೆ. ಒಮ್ಮೆ ತಮಗೆ ಜಾಗವಿಲ್ಲದಂತಾದ ಊರಿನಲ್ಲಿ ಆ ಹೆಸರು ಹೀಗೆ ನೆಲೆನಿಂತಿದೆ.