ಸಂಘ ಕಟ್ಟಿದ ಫಿಸಿಯೋ ಟೀಚರ್
ಆಟಗಾರ ಕಾಲು ಹಿಡಿದು ಬಿದ್ದರೆ ಮೈದಾನಕ್ಕೆ ಓಡಿಬರುವ ಫಿಸಿಯೋ ನಮಗೆಲ್ಲ ಗೊತ್ತು. ಅಮೆರಿಕದಲ್ಲಿ ಆ ವೃತ್ತಿಗೆ ಬುನಾದಿ ಹಾಕಿದ ಮೇರಿ ಮೆಕ್‌ಮಿಲನ್ ಗೊತ್ತಾ?

1880ರಲ್ಲಿ ಹುಟ್ಟಿದ ಮೇರಿ ಈ ವಿದ್ಯೆ ಕಲಿತದ್ದು ಇಂಗ್ಲೆಂಡಿನಲ್ಲಿ. 1918ರಲ್ಲಿ, ಮಹಾಯುದ್ಧದ ಗಾಯಾಳುಗಳ ಆರೈಕೆಗೆಂದು, ಪೋರ್ಟ್‌ಲೆಂಡಿನ ರೀಡ್ ಕಾಲೇಜಿನಲ್ಲಿ ನೂರಾರು ಹೆಣ್ಣುಮಕ್ಕಳಿಗೆ ಮಸಾಜ್, ವ್ಯಾಯಾಮ ಚಿಕಿತ್ಸೆ ಕಲಿಸಿದರು. ಸೇನೆ ಅವರಿಂದ ಕೆಲಸ ತಗೊಂಡಿತು, ಸೈನಿಕ ದರ್ಜೆ ಮಾತ್ರ ಕೊಡಲಿಲ್ಲ. ಮೇರಿ ಸುಮ್ಮನೆ ಕೂರಲಿಲ್ಲ. 1921ರಲ್ಲಿ ಫಿಸಿಯೋಗಳ ಸಂಘಕ್ಕೆ ಮೊದಲ ಅಧ್ಯಕ್ಷೆಯಾದರು, ಅದೇ ವರ್ಷ ಪಠ್ಯಪುಸ್ತಕವನ್ನೂ ಹೊರತಂದರು. ಮುಂದೆ ಚೀನಾದ ಪೀಕಿಂಗ್‌ನಲ್ಲಿ ಪಾಠ ಮಾಡಿದರು.

ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಮನಿಲಾದಲ್ಲಿ ಸೆರೆಯಿಟ್ಟಾಗ ಶಿಬಿರದೊಳಗೇ ಚಿಕಿತ್ಸೆ ಕೊಟ್ಟರು. 1942ರ ಕೊನೆಯಲ್ಲಿ ಅಮೆರಿಕ ಸೇನೆಯ ಫಿಸಿಯೋಗಳಿಗೆ ಅಂತೂ ದರ್ಜೆ ಸಿಕ್ಕಿತು. ಆಗ ಮೇರಿ ಇನ್ನೂ ಸೆರೆಯಲ್ಲೇ ಇದ್ದರು. ತೀರಿಕೊಂಡದ್ದು 1959ರಲ್ಲಿ.